ಆ ಒಂದು ಸಾಲಿನ ಬಗ್ಗೆ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಉಳಿದ ವಿಷಯಗಳಿಗೆ ಆಮೇಲೆ ಉತ್ತರಿಸುತ್ತೇನೆ. "ತಂಡದವರು ನನ್ನನ್ನು ತೆಗೆದುಹಾಕಿದರೆ ನನಗೆ ಬೇರೆ ಯಾವ ಕೆಲಸ ಬರುತ್ತದೆ?" ಎಂದು ಕೊನೆಯಲ್ಲಿ ಬರೆದಿದ್ದೀಯಲ್ಲ, ಆ ಸಾಲು ಎರಡು ರಾತ್ರಿ ನನಗೆ ನಿದ್ದೆ ಕೊಡಲಿಲ್ಲ.

ಐಸ್ ಹಾಕಿಯ ತರಬೇತುದಾರನಿಗೆ ಆ ಭಯ ಸುಳ್ಳಲ್ಲ. ನಾನು ಅಮೆರಿಕದ ಬಫಲೋದಲ್ಲಿದ್ದಾಗ, 1979ರಲ್ಲಿ, ತರಬೇತುದಾರ ಸ್ಕಾಟಿ ಬೋಮನ್ ಅಲ್ಲಿಗೆ ಬಂದರು. ಮಾಂಟ್ರಿಯಲ್ ತಂಡಕ್ಕೆ ಈ ಆಟದ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪನ್ನು ಐದು ಬಾರಿ ಗೆದ್ದುಕೊಟ್ಟಿದ್ದರೂ ಅಲ್ಲಿನ ಜನರಲ್ ಮ್ಯಾನೇಜರ್ ಹುದ್ದೆ ಬೇರೊಬ್ಬರ ಪಾಲಾಗಿತ್ತು. ಬಫಲೋ ಸೇಬರ್ಸ್ ತಂಡ ಆ ಹುದ್ದೆಯನ್ನೂ ತರಬೇತಿಯನ್ನೂ ಅವರಿಗೇ ಒಪ್ಪಿಸಿತು. ಆಟಗಾರರನ್ನು ಆರಿಸುವವರೂ ಆಡಿಸುವವರೂ ಒಬ್ಬರೇ ಆದಾಗ ಸೋಲಿನ ಹೊಣೆ ಹೊರಲು ಇನ್ನೊಂದು ಹೆಗಲು ಇರುವುದಿಲ್ಲ. ಕಪ್ ಬರಲಿಲ್ಲ. 1986ರ ಡಿಸೆಂಬರ್‌ನಲ್ಲಿ ಅವರನ್ನು ತೆಗೆದುಹಾಕಿದರು.

ನಿನ್ನ ದೊಡ್ಡಮ್ಮನಿಗೂ ಹೇಳದ ಮಾತೊಂದಿದೆ. ಅದೇ ಚಳಿಗಾಲದಲ್ಲಿ ನಮ್ಮ ಕಾರ್ಖಾನೆಯಲ್ಲಿ ನಾನು ತಪ್ಪು ಅಳತೆ ಬರೆದದ್ದರಿಂದ ಬಹಳಷ್ಟು ಬಿಡಿಭಾಗಗಳು ಹಾಳಾಗಿ, ಆ ತಪ್ಪು ನನ್ನ ಕೈಕೆಳಗಿನ ಹುಡುಗನ ತಲೆಗೆ ಬಂತು. ಬೋಮನ್ ಅವರಂಥವರನ್ನೇ ಕಳಿಸಿಬಿಡುವ ಊರಿನಲ್ಲಿ ನನ್ನ ಗತಿಯೇನು ಎಂದು ಬಾಯಿ ಮುಚ್ಚಿಕೊಂಡೆ. ಹುಡುಗ ಹೋದ, ನಾನು ಉಳಿದೆ. ಮೂರು ವರ್ಷಕ್ಕೆ ಕಾರ್ಖಾನೆಯೇ ಮುಚ್ಚಿತು. ಅವನನ್ನು ಹುಡುಕಿ ಹೋಗಿ ಮಾತಾಡಿಸುವ ಧೈರ್ಯ ನನಗೆ ಎಂದೂ ಬರಲಿಲ್ಲ. ಈ ಭಯ ನಿನ್ನ ಕೈಯಿಂದಲೂ ಯಾರನ್ನು ಬಲಿ ಕೊಡಿಸುತ್ತದೋ ಎಂಬುದೇ ನನ್ನ ಸಂಕಟ.

ಬೋಮನ್ ಕೆಲವು ವರ್ಷ ಟಿವಿಯಲ್ಲಿ ಆಟದ ವಿಶ್ಲೇಷಣೆ ಮಾಡಿದರು. 1990ರಲ್ಲಿ ಆಟಗಾರರನ್ನು ಬೆಳೆಸುವ ಹೊಣೆ ಹೊತ್ತು ಪಿಟ್ಸ್‌ಬರ್ಗ್ ಸೇರಿದರು. ಮರುವರ್ಷ ತರಬೇತುದಾರ ಬಾಬ್ ಜಾನ್ಸನ್ ಕಾಯಿಲೆ ಬಿದ್ದಾಗ ಅವರ ಜಾಗಕ್ಕೆ ನಿಂತು 1992ರಲ್ಲಿ ಕಪ್ ಗೆದ್ದರು. ಆಮೇಲೆ ಡೆಟ್ರಾಯಿಟ್‌ನಲ್ಲಿ ಇನ್ನೂ ಮೂರು. ನಿನಗೂ ಹಾಗೇ ಆಗುತ್ತದೆಂದು ನಾನು ಹೇಗೆ ಹೇಳಲಿ? ತೆಗೆದುಹಾಕಿದ ಮೇಲೂ ಅವರಿಗೆ ಬರುತ್ತಿದ್ದ ಕೆಲಸ ಅದೇ ಹಾಕಿಯೇ ಆಗಿತ್ತು ಎಂದಷ್ಟೇ ಹೇಳಬಲ್ಲೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಅವಧಿಗೆ ಮುನ್ನ ಕಳಿಸಿದರೆ ಉಳಿದ ಸಂಬಳ ಸಿಗುತ್ತದೆಯೇ ಎಂದು ವಕೀಲರಲ್ಲಿ ಕೇಳು. ಇದು ನಿನಗೆ ಗೊತ್ತೇ ಇದ್ದರೆ ಕ್ಷಮಿಸು. ತಲೆಗೆ ಪೆಟ್ಟಾದ ಗೋಲ್‌ಕೀಪರ್ ಹುಡುಗನನ್ನು ಶನಿವಾರ ಆಡಿಸಲೇಬೇಕೆಂದು ಮೇಲಿನವರು ಒತ್ತಾಯಿಸುತ್ತಿದ್ದಾರೆ ಎಂದೂ ಬರೆದಿದ್ದೆ. ಬೋಮನ್ ಅವರೂ ಆಡುವ ದಿನಗಳಲ್ಲಿ, 1952ರಲ್ಲಿ, ತಲೆಗೆ ದೊಡ್ಡ ಪೆಟ್ಟು ತಿಂದವರೇ. ವೈದ್ಯರು ಒಪ್ಪುವವರೆಗೆ ಅವನನ್ನು ಇಳಿಸಬೇಡ, ಮಗೂ. ಅದಕ್ಕಾಗಿ ನಿನ್ನನ್ನು ಕಳಿಸಿದರೆ ನೇರವಾಗಿ ಇಲ್ಲಿಗೆ ಬಾ. ಮೇಲಿನ ಕೋಣೆ ಖಾಲಿಯಿದೆ.

ನಿನ್ನ
ದೊಡ್ಡಪ್ಪ