ಬಿಲ್ಲಿನಲ್ಲಿ ಬೋರ್ಡಿನ ದಪ್ಪ ನಮೂದಾಗಲಿ

ಮಾನ್ಯರೇ,

ತೀರ್ಥಹಳ್ಳಿ ಸಮೀಪದ ನಮ್ಮ ಹಳೆಯ ಮನೆಯಲ್ಲಿ ಜಗುಲಿ ಪಕ್ಕದ ಕೋಣೆಯನ್ನು ಅತ್ತೆಯವರಿಗಾಗಿ ದುರಸ್ತಿ ಮಾಡಿಸಿದೆವು. ಅವರ ನಿದ್ದೆಗೆ ಭಂಗವಾಗದಿರಲೆಂದು ನಡುಗೋಡೆಗೆ ಎರಡು ಪದರ ಜಿಪ್ಸಮ್ ಬೋರ್ಡ್ ಹೊಡೆಸಿದ್ದು. ಎಲ್ಲವೂ 12.5 ಮಿ.ಮೀ. ಎಂದು ಹಣ ಕೊಟ್ಟಿದ್ದೆವು. ಬಂದವುಗಳಲ್ಲಿ ಅರ್ಧದಷ್ಟು 9 ಮಿ.ಮೀ.! ಬಿಲ್ಲಿನಲ್ಲಿ ‘ಬೋರ್ಡ್’ ಎಂದಷ್ಟೇ ಇತ್ತು.

ಕೆಲಸದವರು ಕೈಗೆ ಸಿಕ್ಕಿದ್ದನ್ನು ಬೆರೆಸಿ ಹೊಡೆದರು. ಸಂದಿಯ ಮೇಲೆ ಬೆರಳಾಡಿಸಿದರೆ ಮೂರೂವರೆ ಮಿ.ಮೀ. ಏಣು ತಡೆಯುತ್ತಿತ್ತು. ಅದನ್ನು ಪುಟ್ಟಿ ಮೆತ್ತಿ ಮುಚ್ಚಿದರು. ಆಷಾಢದ ಮಳೆ ಹಿಡಿಯುವಷ್ಟರಲ್ಲಿ ಪುಟ್ಟಿ ಉದ್ದಕ್ಕೂ ಬಿರಿದು, ಅತ್ತೆಯವರ ಹಾಸಿಗೆಯ ಮೇಲೆ ಬಿಳಿ ಪುಡಿ ಉದುರಿತು. ನನಗೆ ಅಳುವೇ ಬಂತು.

ಬೇರೆ ಬೇರೆ ದಪ್ಪದ ಬೋರ್ಡ್ ಬಳಸುವುದೇ ತಪ್ಪೇನಲ್ಲ. ಒಂದು ಪದರದಲ್ಲಿ ಒಂದೇ ದಪ್ಪ ಇರಬೇಕು. ಎರಡನೆಯ ಸಲ ಬಂದ ಹಿರಿಯ ಬಡಗಿಯೊಬ್ಬರು ಒಳಗೆಲ್ಲ 12.5, ಮೇಲೆಲ್ಲ 9 ಹಾಕಿದರು. ಒಳಗಿನ ಸಂದಿಯ ಮೇಲೆ ಹೊರಗಿನ ಸಂದಿ ಬರದಂತೆ ಸರಿಸಿದರು. ಮೊದಲ ಪದರಕ್ಕೆ 25 ಮಿ.ಮೀ. ಸ್ಕ್ರೂ, ಮೇಲಿನದಕ್ಕೆ 35. ಒಳಗೆ ಹುದುಗಿಹೋಗಿದ್ದ ಸ್ವಿಚ್ ಪೆಟ್ಟಿಗೆಯನ್ನೂ ಮುಂದಕ್ಕೆ ತರಿಸಿದರು. ಈಗ ಗೋಡೆ ಕನ್ನಡಿಯಂತಿದೆ.

ವ್ಯಾಪಾರಿಗಳು ಬಿಲ್ಲಿನಲ್ಲಿ ಪ್ರತಿ ಬೋರ್ಡಿನ ದಪ್ಪವನ್ನು ಬರೆದುಕೊಡಲೇಬೇಕು. ಮನೆಯವರೂ ಲಾರಿಯಿಂದ ಇಳಿಸುವಾಗಲೇ ಅಳತೆಪಟ್ಟಿ ಹಿಡಿದು ನೋಡಿಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

– ಓರ್ವ ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು