ಉದ್ದೀಪನ ಮದ್ದು: ನೂರಕ್ಕೆ ಒಬ್ಬರೆಂಬ ಲೆಕ್ಕವನ್ನು ನಂಬಬಹುದೇ?

ಮಾನ್ಯರೇ,

ಅಂತರರಾಷ್ಟ್ರೀಯ ಕ್ರೀಡೆಯಲ್ಲಿ ಉದ್ದೀಪನ ಮದ್ದಿನ ಬಳಕೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ವಾಚಕರ ಪತ್ರವೊಂದರಲ್ಲಿ, ಪ್ರಪಂಚದಾದ್ಯಂತ ನಡೆಯುವ ಪರೀಕ್ಷೆಗಳಲ್ಲಿ ಸಿಕ್ಕಿಬೀಳುವವರು ನೂರಕ್ಕೆ ಒಬ್ಬರಷ್ಟೂ ಇಲ್ಲದಿರುವಾಗ ಎಲ್ಲರನ್ನೂ ಅನುಮಾನಿಸುವುದು ಅನ್ಯಾಯ ಎಂದು ವಾದಿಸಲಾಗಿತ್ತು. ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದ ನನಗೆ ಆ ಪತ್ರದ ಹಿಂದಿನ ಕಾಳಜಿ ಅರ್ಥವಾಗುತ್ತದೆ. ಆದರೆ ಆ ಲೆಕ್ಕವನ್ನು ಒಪ್ಪಲಾರೆ. ಸಿಕ್ಕಿಬಿದ್ದವರ ಸಂಖ್ಯೆಯೇ ತಪ್ಪು ಮಾಡಿದವರ ಸಂಖ್ಯೆಯಲ್ಲ.

ಹಾಲಿನ ಜಿಲ್ಲೆಯವರಾದ ನಮಗೆ ಇದು ತಿಳಿಯದ ವಿಷಯವೇನಲ್ಲ. ಊರಿನ ಡೇರಿಯಲ್ಲಿ ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಒಂದೇ ಇದ್ದ ಕಾಲದಲ್ಲಿ, ನೀರು ಬೆರೆಸಿದ ಹಾಲಿಗೆ ಒಂದಿಷ್ಟು ಸಕ್ಕರೆಯನ್ನೋ ಉಪ್ಪನ್ನೋ ಕದಡಿ ತಂದವನ ಹಾಲು ಡಿಗ್ರಿ ಸರಿಯಾಗಿಯೇ ತೋರಿಸುತ್ತಿತ್ತು. ಬರೀ ನೀರು ಹೊಯ್ದು ತಂದ ಪೆದ್ದ ಮಾತ್ರ ಸಾಲಿನಲ್ಲಿ ನಿಂತವರೆದುರು ಮಾನ ಕಳೆದುಕೊಳ್ಳುತ್ತಿದ್ದ. ಅಂದಿನ ರಿಜಿಸ್ಟರ್ ನೋಡಿ ಊರಿಗೆಲ್ಲ ಕಳ್ಳ ಇವನೊಬ್ಬನೇ ಎಂದು ತೀರ್ಮಾನಿಸಿದರೆ ಹೇಗೋ, ಪತ್ರಲೇಖಕರ ವಾದವೂ ಹಾಗೇ ಇದೆ.

ಟಿಎಚ್‌ಜಿ ಎಂಬ ಸ್ಟೀರಾಯ್ಡ್‌ನ ಕತೆಯನ್ನೇ ನೋಡಬಹುದು. ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಾರದೆಂದೇ ರೂಪಿಸಿದ್ದ ಆ ಮದ್ದು, 2003ರಲ್ಲಿ ತರಬೇತುದಾರರೊಬ್ಬರು ಅದರ ಅಂಶ ಉಳಿದಿದ್ದ ಸಿರಿಂಜನ್ನು ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಗೆ ಕಳಿಸುವವರೆಗೆ ಯಾವ ಪ್ರಯೋಗಾಲಯದ ಕಣ್ಣಿಗೂ ಬಿದ್ದಿರಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಐದು ಪದಕ ಗೆದ್ದಿದ್ದ ಅಮೆರಿಕದ ಓಟಗಾರ್ತಿ ಮರಿಯನ್ ಜೋನ್ಸ್ ಅವುಗಳನ್ನು ಕಳೆದುಕೊಂಡದ್ದು 2007ರಲ್ಲಿ ತಾವೇ ತಪ್ಪೊಪ್ಪಿಕೊಂಡ ಮೇಲೆ. 1999ರಿಂದ 2005ರವರೆಗೆ ಸತತ ಏಳು ಬಾರಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್, ತಾನು ನೂರಾರು ಪರೀಕ್ಷೆಗಳಲ್ಲಿ ಪಾಸಾದವನೆಂದು ಹೇಳಿಕೊಂಡೇ ತಿರುಗಿದರು. 2012ರಲ್ಲಿ ಅವರ ಪ್ರಶಸ್ತಿಗಳನ್ನು ಕಿತ್ತುಕೊಳ್ಳಲು ಮುಖ್ಯ ಆಧಾರವಾದದ್ದು ಜೊತೆಗೆ ಸೈಕಲ್ ತುಳಿದ ತಂಡದವರ ಸಾಕ್ಷ್ಯ. ಇನ್ನು 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪ್ರಯೋಗಾಲಯದ ಗೋಡೆಗೇ ಕಿಂಡಿ ಕೊರೆದು, ರಾತ್ರೋರಾತ್ರಿ ಮೂತ್ರದ ಬಾಟಲಿಗಳನ್ನು ಆಚೆ ಸಾಗಿಸಿ ಬದಲಾಯಿಸಿದ ರಷ್ಯಾದ ಪ್ರಕರಣವಂತೂ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಹಾಗಾದರೆ ನಿಜವಾದ ಪ್ರಮಾಣವೆಷ್ಟು? ಈ ಪ್ರಶ್ನೆಗೆ ಉತ್ತರ ಹುಡುಕುವ ಜಾಣತನದ ಪ್ರಯತ್ನವೊಂದು 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ನಡೆಯಿತು. ಅಲ್ಲಿ ಸಂಶೋಧಕರು ಕ್ರೀಡಾಪಟುವಿಗೆ ತನ್ನ ಪರಿಚಯದ ಯಾರಾದರೊಬ್ಬರ ಹುಟ್ಟಿದ ದಿನವನ್ನು ಮನಸ್ಸಿನಲ್ಲೇ ನೆನೆಸಿಕೊಳ್ಳಲು ಹೇಳುತ್ತಿದ್ದರು. ಆ ತಾರೀಖು ಯಾವುದೆಂಬುದರ ಮೇಲೆ ಒಬ್ಬರಿಗೆ ನಿರುಪದ್ರವಿ ಪ್ರಶ್ನೆಯೊಂದು ಬಂದರೆ, ಇನ್ನೊಬ್ಬರಿಗೆ ‘ಕಳೆದ ಹನ್ನೆರಡು ತಿಂಗಳಲ್ಲಿ ನಿಷೇಧಿತ ಮದ್ದು ಬಳಸಿದ್ದೀರಾ’ ಎಂಬ ಪ್ರಶ್ನೆ ಬರುತ್ತಿತ್ತು. ಯಾರು ಯಾವ ಪ್ರಶ್ನೆಗೆ ಹೌದೆಂದರು ಎಂಬುದು ಕೇಳಿದವರಿಗೂ ಗೊತ್ತಾಗುವಂತಿರಲಿಲ್ಲ, ಹಾಗಾಗಿ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಬಹುಕಾಲ ತಡವಾಗಿ 2017ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ಮದ್ದು ಬಳಸಿದವರ ಅಂದಾಜು ಪ್ರಮಾಣ ಶೇ 43.6, ಅದೇ ಕೂಟದ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದವರು ಶೇ 0.5. ಪ್ರಶ್ನೆಯನ್ನು ಸರಿಯಾಗಿ ಓದದೆ ಅವಸರದಲ್ಲಿ ಉತ್ತರಿಸಿದವರೂ ಇರಬಹುದೆಂದು ಆ ಅಂದಾಜನ್ನು ಅರ್ಧಕ್ಕೆ ಇಳಿಸಿದರೂ ಎರಡು ಅಂಕಿಗಳ ನಡುವಿನ ಕಂದಕ ಮುಚ್ಚುವುದಿಲ್ಲ.

ಇದು ಪರದೇಶದವರ ರೋಗವೆಂದು ನಾವು ಸುಮ್ಮನಿರುವಂತಿಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಘಟಕದ (ವಾಡಾ) 2023ರ ಅಂಕಿ ಅಂಶಗಳಂತೆ ಭಾರತದಲ್ಲಿ ಸಂಗ್ರಹಿಸಿದ 5,606 ಮಾದರಿಗಳಲ್ಲಿ ಶೇ 3.8ರಷ್ಟರಲ್ಲಿ ನಿಷೇಧಿತ ಅಂಶ ಕಂಡುಬಂದಿದೆ. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ನಡೆಸುವ ದೇಶಗಳ ಪೈಕಿ ಇದೇ ಹೆಚ್ಚು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ಪರೀಕ್ಷಾಧಿಕಾರಿಗಳು ಬಂದರೆಂಬ ಸುದ್ದಿ ಹಬ್ಬಿದ್ದೇ ತಡ, ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಬೇಕಿದ್ದ ಎಂಟು ಮಂದಿಯಲ್ಲಿ ಏಳು ಮಂದಿ ನಾಪತ್ತೆಯಾಗಿ ಒಬ್ಬರೇ ಓಡಿದರು.

ನಮ್ಮೂರಿನ ಮಾತಿಗೆ ಬಂದರೆ, ನಿವೃತ್ತನಾದ ಮೇಲೂ ಬೆಳಗಿನ ಹೊತ್ತು ಹಾಸನಾಂಬ ಕ್ರೀಡಾಂಗಣಕ್ಕೆ ಹೋಗುವ ರೂಢಿಯನ್ನು ನಾನು ಬಿಟ್ಟಿಲ್ಲ. ಕಳೆದ ವರ್ಷ 400 ಮೀಟರ್ ಓಡುವ ಪಿಯುಸಿ ಹುಡುಗನೊಬ್ಬ ಟವೆಲ್‌ನಲ್ಲಿ ಸುತ್ತಿದ್ದ ಡಬ್ಬಿಯೊಂದನ್ನು ಚೀಲದಿಂದ ತೆಗೆದು, ‘ಸಾರ್, ಇದನ್ನ ತಗೊಂಡ್ರೆ ಏನೂ ಆಗಲ್ವಂತೆ, ಹೌದಾ?’ ಎಂದು ಕೇಳಿದ. ಮುಚ್ಚಳದ ಮೇಲಿನ ಸೀಲು ಮೊದಲೇ ಹರಿದಿತ್ತು. ಒಳಗಿನ ಪುಡಿಯಲ್ಲಿ ಏನೇನಿದೆ ಎಂದು ಮುದ್ರಿಸಿರಬೇಕಾದ ಜಾಗದಲ್ಲಿ ಬೆಲೆಯ ಚೀಟಿ ಅಂಟಿಸಿದ್ದರು. ಚೀಟಿ ಕಿತ್ತರೆ ಅಕ್ಷರವೂ ಕಿತ್ತುಬಂತು. ಕೊಟ್ಟವರು ಯಾರೆಂದು ಇಲ್ಲಿ ಬರೆಯಲಾರೆ, ಏಕೆಂದರೆ ಅದರಲ್ಲಿ ತಪ್ಪು ವಸ್ತು ಇದೆಯೆಂದು ಸಾಧಿಸಲು ನನ್ನ ಬಳಿ ಏನೂ ಇಲ್ಲ. ಹುಡುಗನ ಬಳಿಯೂ ಇಲ್ಲ. ನಾಳೆ ರಾಜ್ಯಮಟ್ಟದ ಕೂಟದಲ್ಲಿ ಅವನ ಮಾದರಿ ತೆಗೆದುಕೊಂಡರೆ, ಅರಿವಿಲ್ಲದೆ ಸೇವಿಸಿದೆ ಎಂದರೂ ದೇಹದಲ್ಲಿ ಸಿಕ್ಕ ಮದ್ದಿಗೆ ನಿಯಮದ ಪ್ರಕಾರ ಅವನೇ ಹೊಣೆ. ದೊಡ್ಡವರ ಬೆನ್ನಿಗೆ ವೈದ್ಯರೂ ವಕೀಲರೂ ಇರುತ್ತಾರೆ, ಎಷ್ಟು ದಿನ ಮೊದಲು ಮದ್ದು ನಿಲ್ಲಿಸಬೇಕೆಂದು ಎಣಿಸಿ ಹೇಳುವವರಿರುತ್ತಾರೆ. ಇವನಿಗಿದ್ದದ್ದು ಆ ಟವೆಲ್ ಮತ್ತು ನಾನು.

ಅನುಮಾನ ಒಳ್ಳೆಯದಲ್ಲ ಎಂಬ ಪತ್ರಲೇಖಕರ ಮಾತನ್ನು ಒಂದು ಅರ್ಥದಲ್ಲಿ ನಾನೂ ಒಪ್ಪುತ್ತೇನೆ: ಹೆಸರು ಹಿಡಿದು ಒಬ್ಬರ ಮೇಲೆ ಗೂಬೆ ಕೂರಿಸಲು ಪುರಾವೆ ಬೇಕೇ ಬೇಕು. ಆದರೆ ವ್ಯವಸ್ಥೆಯನ್ನು ಅನುಮಾನಿಸದಿದ್ದರೆ ನಷ್ಟವಾಗುವುದು ಪ್ರಾಮಾಣಿಕರಿಗೇ. 2005ರಲ್ಲಿ ಮೊನಾಕೊದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನ ಲಾಂಗ್ ಜಂಪ್‌ನಲ್ಲಿ ಎರಡನೆಯವರಾಗಿದ್ದ ಅಂಜು ಬಾಬಿ ಜಾರ್ಜ್ ಅವರಿಗೆ ಚಿನ್ನ ಸಂದದ್ದು 2014ರಲ್ಲಿ, ಕಾಯ್ದಿರಿಸಿದ್ದ ಹಳೆಯ ಮಾದರಿಯ ಮರುಪರೀಕ್ಷೆಯಲ್ಲಿ ರಷ್ಯಾದ ತತ್ಯಾನಾ ಕೊಟೊವಾ ಸಿಕ್ಕಿಬಿದ್ದ ನಂತರ. ಅಷ್ಟು ಹೊತ್ತಿಗೆ ಅಂಜು ಅವರ ಸ್ಪರ್ಧೆಯ ದಿನಗಳೇ ಮುಗಿದಿದ್ದವು.

ತಮ್ಮಲ್ಲಿ ನನ್ನ ವಿನಂತಿ ಎರಡು. ಇಂಥ ಪದಕಗಳು ವರ್ಷಗಳ ನಂತರ ಕೈ ಬದಲಾಯಿಸಿದಾಗ ಆ ಸುದ್ದಿಯನ್ನು ಒಳಪುಟದ ಮೂಲೆಗೆ ತಳ್ಳದೆ, ಮೊದಲ ಗೆಲುವಿಗೆ ಕೊಟ್ಟಷ್ಟೇ ಜಾಗ ಕೊಟ್ಟು ಪ್ರಕಟಿಸಬೇಕು. ಮತ್ತು ಪ್ರತಿ ಜನವರಿ 1ರಂದು ಜಾರಿಗೆ ಬರುವ ವಾಡಾದ ನಿಷೇಧಿತ ವಸ್ತುಗಳ ಪಟ್ಟಿಯ ಮುಖ್ಯಾಂಶಗಳನ್ನು, ಔಷಧಿ ಅಂಗಡಿಯಲ್ಲೂ ಜಿಮ್‌ನಲ್ಲೂ ಸಿಗುವ ಹೆಸರುಗಳ ಸಮೇತ, ತಿಳಿಯಾದ ಕನ್ನಡದಲ್ಲಿ ಅಚ್ಚುಹಾಕಬೇಕು; ಅದನ್ನು ಕತ್ತರಿಸಿ ಕ್ರೀಡಾಂಗಣದ ಗೋಡೆಗೆ ಅಂಟಿಸುವ ಕೆಲಸ ನನಗಿರಲಿ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹಾಸನ