ಟಿಪ್ಪರ್ ರಿಪೇರಿ ಆಯಿತು, ನಮ್ಮ ಮೋರಿ ಯಾವಾಗ? ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಕೋಲಾರ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ ಸಾರ್.

ನಾನು ಮಾಲೂರು ತಾಲ್ಲೂಕಿನವನು. ಗುಲಾಬಿ, ಸ್ವಲ್ಪ ಟೊಮೆಟೊ ಬೆಳೆಯುತ್ತೇನೆ. ಎರಡು ಹಸು ಇವೆ. ನಮ್ಮೂರಿಗೆ ಬರುವ ರಸ್ತೆಯಲ್ಲಿ ರಾಜಕಾಲುವೆ ಮೇಲೆ ಒಂದು ಮೋರಿ ಇದೆ. ಐದು ತಿಂಗಳ ಹಿಂದೆ, ಬೆಳಗಿನ ಜಾವ, ಜಲ್ಲಿ ತುಂಬಿದ ಟಿಪ್ಪರ್ ಒಂದು ಅದರ ತಡೆಗೋಡೆಗೆ ಗುದ್ದಿತು. ಗೋಡೆ ಹೋಯಿತು, ಅರ್ಧ ಚಪ್ಪಡಿಯೂ ಕಾಲುವೆಗೆ ಬಿತ್ತು. ಪಕ್ಕದಲ್ಲೇ ಹಾದುಹೋಗಿದ್ದ ಕುಡಿಯುವ ನೀರಿನ ಪೈಪೂ ಒಡೆಯಿತು. ನೀರಗಂಟಿ ಓಡಿಬಂದು ವಾಲ್ವ್ ಮುಚ್ಚುವ ಹೊತ್ತಿಗೆ ಟ್ಯಾಂಕ್ ಖಾಲಿ. ಸಾವಿರ ಅಡಿಗಿಂತ ಕೆಳಗಿನಿಂದ ಎತ್ತಿದ ನೀರು ಅದು. ಪುಣ್ಯಕ್ಕೆ ಡ್ರೈವರ್‌ಗೆ ಏನೂ ಆಗಲಿಲ್ಲ.

ಪೈಪನ್ನು ಪಂಚಾಯಿತಿಯವರು ನಾಲ್ಕನೇ ದಿನ ಸರಿ ಮಾಡಿಸಿದರು. ಮೋರಿ ಇವತ್ತಿಗೂ ಹಾಗೇ ಇದೆ. ಮರಳಿನ ಚೀಲ ಇಟ್ಟು, ಜಾಲಿ ಮುಳ್ಳಿನ ಕೊಂಬೆಗೆ ಕೆಂಪು ಬಟ್ಟೆ ಕಟ್ಟಿದ್ದೇವೆ. ಅದೇ ನಮ್ಮ ತಡೆಗೋಡೆ. ಸ್ಕೂಲ್ ವ್ಯಾನ್ ಊರೊಳಗೆ ಬರುತ್ತಿಲ್ಲ. ಮಕ್ಕಳು ಮೋರಿಯ ಆಚೆ ತನಕ ನಡೆದು ಹೋಗುತ್ತಾರೆ. ಹೋದ ತಿಂಗಳು ನಮ್ಮ ಪಕ್ಕದ ಮನೆಯ ಹುಡುಗ ರಾತ್ರಿ ಬೈಕಿನಲ್ಲಿ ಬರುವಾಗ ಅಲ್ಲೇ ಬಿದ್ದು ಕೈ ಮುರಿದುಕೊಂಡ. ಆಸ್ಪತ್ರೆ ಖರ್ಚಿಗೆ ಅವರ ತಾಯಿ ಓಲೆ ಅಡವಿಟ್ಟರು.

ನಾವು ಕಚೇರಿಗಳಿಗೆ ಅಲೆದಿದ್ದೇವೆ. ಒಂದು ಕಡೆ ರಸ್ತೆ ನಮ್ಮದಲ್ಲ ಅಂದರು. ಇನ್ನೊಂದು ಕಡೆ ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿಸುತ್ತೇವೆ ಅಂದರು. ಸಿಟ್ಟು ತಡೆಯಲಾರದೆ ಟಿಪ್ಪರ್ ಮಾಲೀಕರನ್ನೇ ಹುಡುಕಿಕೊಂಡು ಹೋದೆ. ಜಗಳಕ್ಕೆ ಅಂತಲೇ ಹೋಗಿದ್ದೆ. ಅವರು ಕೂರಿಸಿ, ಕಾಫಿ ಕೊಟ್ಟು, ಪಾಲಿಸಿ ತೆಗೆದು ತೋರಿಸಿದರು. "ಇನ್ಶೂರೆನ್ಸ್ ಇದೆಯಲ್ಲಣ್ಣ, ಕ್ಲೇಮ್ ಹಾಕೋಕೆ ಹೇಳಿ. ಇದುವರೆಗೂ ಯಾರೂ ಹಾಕಿಲ್ಲ" ಅಂದರು. ಅದೇ ಪಾಲಿಸಿಯಲ್ಲಿ ಅವರ ಟಿಪ್ಪರ್ ರಿಪೇರಿಯಾಗಿ, ಒಂದೂವರೆ ತಿಂಗಳಿಗೆ ಮತ್ತೆ ರಸ್ತೆಗೆ ಬಂದಿತ್ತು.

ಅವತ್ತಿನಿಂದ ನಾನು ಇದನ್ನು ಓದಲು, ಕೇಳಲು ಶುರು ಮಾಡಿದೆ. 1988ರ ಮೋಟಾರು ವಾಹನ ಕಾಯ್ದೆಯ 145ನೇ ಸೆಕ್ಷನ್ ಆಸ್ತಿ ಎಂದರೆ ಏನು ಅಂತ ಹೇಳುತ್ತದೆ. ರಸ್ತೆ, ಸೇತುವೆ, ಮೋರಿ, ಮರ, ಕಂಬ, ಮೈಲಿಗಲ್ಲು, ಎಲ್ಲ ಅದರಲ್ಲಿವೆ. ನಮ್ಮ ಮೋರಿಯ ಹೆಸರು ಕಾನೂನಿನಲ್ಲೇ ಇದೆ ಸಾರ್. ಲಾರಿ, ಟಿಪ್ಪರ್, ಕಾರುಗಳ ಥರ್ಡ್ ಪಾರ್ಟಿ ವಿಮೆಯಲ್ಲಿ ಬೇರೆಯವರ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಬೈಕಿಗೆ 1 ಲಕ್ಷ. ಪ್ರೀಮಿಯಂ ಉಳಿಸಲು ಈ ರಕ್ಷಣೆಯನ್ನು 6 ಸಾವಿರಕ್ಕೆ ಇಳಿಸಿಕೊಂಡವರೂ ಇರುತ್ತಾರೆ. ಅಂಥ ಕಡೆ ಉಳಿದ ದುಡ್ಡನ್ನು ವಾಹನದ ಮಾಲೀಕರೇ ಕೊಡಬೇಕು. 166ನೇ ಸೆಕ್ಷನ್ ಪ್ರಕಾರ ಆಸ್ತಿಯ ಒಡೆಯರು ಅಪಘಾತದ ಪರಿಹಾರ ತೀರ್ಮಾನಿಸುವ ಕ್ಲೇಮು ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಇಲ್ಲಿ ಒಡೆಯರು ಅಂದರೆ ಸರ್ಕಾರ, ಪಂಚಾಯಿತಿ. ಸುಮ್ನೆ ಕೂತವರೂ ಅವರೇ.

ಆಗ ಖರ್ಚು ಯಾರ ತಲೆ ಮೇಲೆ ಬರುತ್ತದೆ? ಪೈಪಿನ ದುಡ್ಡನ್ನು ಕೇಂದ್ರದಿಂದ ಪಂಚಾಯಿತಿಗೆ ಬಂದ 15ನೇ ಹಣಕಾಸು ಆಯೋಗದ ಅನುದಾನದಿಂದ ತೆಗೆದರು. ಆ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ನಮ್ಮೂರಿನ ಹೊಸ ಬೀದಿಗೆ ನಲ್ಲಿ ಹಾಕಿಸಬೇಕಿದ್ದ ದುಡ್ಡು ಅದು. ವಿಮಾ ಕಂಪನಿ ಇಂಥ ದಿನಕ್ಕೆ ಅಂತಲೇ ಪ್ರೀಮಿಯಂ ತೆಗೆದುಕೊಂಡಿದೆ, ಆದರೆ ನಮ್ಮ ಮೋರಿಗೆ, ಪೈಪಿಗೆ ಒಂದು ರೂಪಾಯಿಯೂ ಬಿಚ್ಚಬೇಕಾಗಲಿಲ್ಲ. ಹೊಸ ಬೀದಿಯ ಹೆಂಗಸರು ಬಿಂದಿಗೆ ಹೊತ್ತು ಅದರ ಬೆಲೆ ಕಟ್ಟುತ್ತಿದ್ದಾರೆ. ಇದು ಅನ್ಯಾಯ ಅಲ್ವಾ?

ಡ್ರೈವರ್ ಸಂಬಳದಲ್ಲಿ ಹಿಡಿಯಿರಿ ಅಂತ ನಾನು ಕೇಳುತ್ತಿಲ್ಲ. ರಾತ್ರಿಯೆಲ್ಲ ಗಾಡಿ ಓಡಿಸುವ ಆ ಮನುಷ್ಯನ ಹತ್ತಿರ ಏನಿರುತ್ತದೆ? ಮೋರಿ ಹಳೆಯದು, ಹೊಸದರ ಪೂರ್ತಿ ಖರ್ಚು ಕೊಡುವುದಿಲ್ಲ ಅಂತ ವಿಮೆಯವರು ವಾದ ಮಾಡಬಹುದು. ಮಾಡಲಿ. ತಿರುವಿನಲ್ಲಿ ರಿಫ್ಲೆಕ್ಟರ್ ಇರಲಿಲ್ಲ ಅನ್ನುವುದೂ ನಿಜ. ಅದು ರಸ್ತೆ ನೋಡಿಕೊಳ್ಳುವವರ ತಪ್ಪು, ಅಷ್ಟನ್ನು ಕಳೆದು ಕೊಡಲಿ. ಕೇಳದೇ ಇದ್ದರೆ ಅರ್ಧವೂ ಬರುವುದಿಲ್ಲವಲ್ಲ.

ಪೊಲೀಸರು ಸ್ಥಳ ನೋಡಿ ಬರೆದ ಮಹಜರಿನ ನಕಲನ್ನೂ ಓದಿದೆ. ಟಿಪ್ಪರಿನ ಬಂಪರ್ ಇದೆ, ಮುಂದಿನ ಗ್ಲಾಸ್ ಇದೆ, ಎಡಗಡೆಯ ಚಕ್ರ ಇದೆ. ಮೋರಿಯ ಬಗ್ಗೆ ಒಂದೇ ಸಾಲು, ಪೈಪಿನ ಮಾತೇ ಇಲ್ಲ. ಬ್ರೇಕ್ ಇನ್‌ಸ್ಪೆಕ್ಟರ್ ಬಂದು ಗಾಡಿ ನೋಡಿಕೊಂಡು ಹೋದರು. ಮೋರಿ ನೋಡಲು ಒಬ್ಬ ಇಂಜಿನಿಯರ್ ಬರಬೇಕಿತ್ತು. ಯಾರಿಗೂ ಹೇಳಿಕಳಿಸಿರಲಿಲ್ಲ.

ಹಾಗಾಗಿ ನಿಮ್ಮನ್ನು ಕೇಳುವುದು ಇಷ್ಟೇ. ವಾಹನ ಗುದ್ದಿ ಸಾರ್ವಜನಿಕ ಆಸ್ತಿ ಹಾಳಾದರೆ ಒಂದು ವಾರದೊಳಗೆ ಇಂಜಿನಿಯರ್ ಅಂದಾಜು ಪಟ್ಟಿ ಮಾಡಿ ಪೊಲೀಸರಿಗೆ ಕೊಡಬೇಕು. ಕ್ಲೇಮ್ ಹಾಕುವ ಹೊಣೆ ತಾಲ್ಲೂಕಿಗೆ ಒಬ್ಬ ಅಧಿಕಾರಿಗೆ ಇರಬೇಕು. ಜಿಲ್ಲೆಯ ಕೆಲಸಗಳ ಪರಿಶೀಲನೆಗೆ ನೀವು ನಡೆಸುವ ಕೆಡಿಪಿ ಸಭೆಯಲ್ಲಿ ಎಷ್ಟು ಮುರಿಯಿತು, ಎಷ್ಟಕ್ಕೆ ಕ್ಲೇಮ್ ಹಾಕಿದ್ದೀರಿ ಅಂತ ಪ್ರತಿ ಸಲ ಕೇಳಿ. ನೀವು ಕೇಳಿದರೆ ಕಡತ ಓಡುತ್ತದೆ. ನಮ್ಮಂಥವರು ಕೇಳಿದರೆ ಮುಂದಿನ ವಾರ ಬನ್ನಿ ಅನ್ನುತ್ತಾರೆ. ಬಂದ ದುಡ್ಡು ಅದೇ ಮೋರಿಗೆ, ಅದೇ ಪೈಪಿಗೆ ಹೋಗಬೇಕು.

ಇನ್ನೊಂದು ಮಾತು, ಇದು ಅರ್ಜೆಂಟ್. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ, ಅದೇ ಕಾಯ್ದೆಯ ತಿದ್ದುಪಡಿ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಆ ಗಡುವಿನ ಬಗ್ಗೆ ಸುಪ್ರೀಂ ಕೋರ್ಟಿಗೆ ತಕರಾರು ಹೋಗಿದೆ. ಅದನ್ನೇ ನಂಬಿಕೊಂಡು ಕೂರಲು ನನಗೆ ಧೈರ್ಯ ಇಲ್ಲ. ನಮ್ಮ ಮೋರಿಯ ಲೆಕ್ಕದಲ್ಲಿ ಇನ್ನು 26 ದಿನ ಉಳಿದಿದೆ. ಎಫ್‌ಐಆರ್ ನಕಲು, ಮಹಜರು, ಅವತ್ತು ಬೆಳಿಗ್ಗೆ ತೆಗೆದ ಫೋಟೊಗಳು, ಪಾಲಿಸಿಯ ಜೆರಾಕ್ಸ್, ಎಲ್ಲವೂ ನನ್ನ ಹತ್ತಿರ ಒಂದು ಫೈಲಿನಲ್ಲಿವೆ. ಯಾವ ಅಧಿಕಾರಿಗೆ ಕೊಡಬೇಕು ಅಂತ ಹೇಳಿ ಸಾರ್. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಮೊದಲ ಬಸ್ಸಿಗೇ ತಂದುಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮಾಲೂರು ತಾಲ್ಲೂಕಿನ ಒಬ್ಬ ಹೂವಿನ ಬೆಳೆಗಾರ